ಬೇಕಲದ ಬಿಯರು, ಬೆಳಗಿನ ಕಳ್ಳು

ಬೇಕಲ ಕೋಟೆ ನೋಡಲೆಂದು ಘಟ್ಟದ ಮೇಲಿನಿಂದ ಬರುವ ಗೆಳೆಯರ ತಂಡಗಳದ್ದು ಹೆಚ್ಚುಕಡಿಮೆ ಒಂದೇ ಕ್ರಮ. ತಲಪಾಡಿ ದಾಟಿ, ಮಂಜೇಶ್ವರ, ಕುಂಬಳೆ ಕಳೆದು, ಕೋಟೆ ಹತ್ತಿ ಇಳಿದು, ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಸೆಕೆಯಲ್ಲಿ ವಾಪಸ್ ಹೊರಡುತ್ತಾರೆ. ಆಗ ರಸ್ತೆ ಬದಿಯಲ್ಲಿ ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದ 'ಕಳ್ಳ್' ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಮಲಯಾಳ ಲಿಪಿ ಬಾರದವರಿಗೂ ಆ ಬೋರ್ಡಿನ ಅರ್ಥ ಗೊತ್ತು. ಗಾಡಿ ನಿಲ್ಲುತ್ತದೆ, ಒಂದು ಕುಪ್ಪಿ ಬರುತ್ತದೆ, ಒಂದು ಗುಟುಕಿಗೇ ಮುಖ ಕಿವುಚಿಕೊಳ್ಳುತ್ತದೆ. "ಇದೇನಾ ಕೇರಳದ ಕಳ್ಳು? ಹುಳಿ ಬಂದಿದೆಯಲ್ಲ!" ಎಂದು ಅರ್ಧ ಕುಪ್ಪಿ ಬಿಟ್ಟು ಏಳುತ್ತಾರೆ. ಆಮೇಲೆ ತಣ್ಣನೆಯ ಬಿಯರ್ ಎಲ್ಲಿ ಸಿಗುತ್ತದೆಂದು ಹುಡುಕಾಟ. ಊರಿಗೆ ಹೋಗಿ ಹೇಳುವುದು ಸಮುದ್ರ ನೋಡುತ್ತ ಕುಡಿದ ಆ ಬಿಯರಿನ ಕಥೆಯನ್ನೇ.

ಈ ಕಥೆಗಳನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ಹೊಳೆಯುತ್ತದೆ. ಮರೆಯಲಾಗದ ಬಿಯರ್ ಎಂದು ಜನ ಹೇಳುವಾಗ ಗಾಳಿ, ಸಂಜೆ, ಜತೆಗಿದ್ದವರು, ಹುರಿದ ಬಂಗುಡೆ ಎಲ್ಲವೂ ಬರುತ್ತವೆ. ಬಿಯರಿನ ರುಚಿ ಮಾತ್ರ ಬರುವುದಿಲ್ಲ. ಬರಲು ಸಾಧ್ಯವೂ ಇಲ್ಲ, ಏಕೆಂದರೆ ಅದೇ ಬಿಯರನ್ನು ಅವರು ಹಿಂದಿನ ವಾರ ಜಯನಗರದಲ್ಲೂ ಕುಡಿದಿರುತ್ತಾರೆ. ಹುಳಿ ಬಂದಿದೆ ಎಂದು ಅವರು ಬಿಟ್ಟೆದ್ದ ಕಳ್ಳಾದರೋ ಆ ಊರಿನದು, ಆ ದಿನದ್ದು, ಆ ಗಂಟೆಯದ್ದು. ತಪ್ಪು ಕಳ್ಳಿನದೂ ಅಲ್ಲ, ಅವರ ನಾಲಿಗೆಯದೂ ಅಲ್ಲ. ಅವರು ಬಂದ ಹೊತ್ತು ಸರಿಯಿರಲಿಲ್ಲ. ಬಿಯರಿಗೆ ಬ್ರಾಂಡ್ ಕೇಳಬೇಕು, ಕಳ್ಳಿಗೆ ಗಂಟೆ ಕೇಳಬೇಕು. ಇಷ್ಟು ತಿಳಿಯದೆ ನಮ್ಮ ಕಾಸರಗೋಡಿನ ಒಂದು ಒಳ್ಳೆಯ ರುಚಿಗೆ ಕೆಟ್ಟ ಹೆಸರು ಬರುತ್ತಿದೆಯಲ್ಲ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

ದೂರ ಹೋಗಲೆಂದೇ ಆದದ್ದು

ಬಿಯರಿನ ಬಗ್ಗೆ ನನಗೆ ತಕರಾರಿಲ್ಲ. ಅದರ ಚರಿತ್ರೆಯ ಒಂದು ದೊಡ್ಡ ಭಾಗವೇ ಪ್ರಯಾಣದ ಚರಿತ್ರೆ. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಬ್ರೂವರಿಯ ಜಾರ್ಜ್ ಹಾಡ್ಜ್‌ಸನ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ನಮ್ಮ ಕಡೆಗೆ ಬಿಯರ್ ಕಳಿಸುತ್ತಿದ್ದ. ತಿಂಗಳುಗಟ್ಟಲೆ ಕಡಲಿನಲ್ಲಿ, ಅದೂ ಸಮಭಾಜಕ ರೇಖೆಯ ಬಿಸಿಯಲ್ಲಿ ಬಂದ ಪೀಪಾಯಿ ಕೆಡದಂತೆ ಕಾಯ್ದದ್ದು ಮುಖ್ಯವಾಗಿ ಹಾಪ್ಸ್ ಹೂವಿನ ಕಹಿ. ಆ ಕಹಿ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಇಂಡಿಯಾ ಪೇಲ್ ಏಲ್ ಎಂಬ ಬಗೆ ಬೆಳೆದು ಬಂದದ್ದು ಆ ವ್ಯಾಪಾರದಿಂದಲೇ. 1842ರಲ್ಲಿ ಬೊಹೆಮಿಯಾದ ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ತಿಳಿ ಹೊನ್ನಿನ ಬಣ್ಣದ ಲಾಗರ್ ಮಾಡಿದ. ಇವತ್ತು ನಮ್ಮಲ್ಲಿ ಸಿಗುವ ಬಾಟಲಿ ಬಿಯರುಗಳಲ್ಲಿ ಬಹುಪಾಲು ಅದರ ಸಂತತಿಯೇ. ಬಾಟಲಿಗೆ ತುಂಬಿದ ಮೇಲೆ ಸುಮಾರು 60 ಡಿಗ್ರಿ ಬಿಸಿಯಲ್ಲಿ ಹಾಯಿಸಿ ಪಾಶ್ಚರೀಕರಿಸುತ್ತಾರೆ. ಅಲ್ಲಿಗೆ ಒಳಗಿನ ಜೀವಗಳ ಕೆಲಸ ಮುಗಿಯಿತು. ಇನ್ನು ಅದು ಬದಲಾಗಬಾರದು. ಬದಲಾಯಿತೆಂದರೆ ಕೆಟ್ಟಿತು ಎಂದೇ ಅರ್ಥ.

ನಮ್ಮ ಕರಾವಳಿಯಲ್ಲಿ ಅದು ಕೆಡುವುದಕ್ಕೆ ಎರಡು ದಾರಿ. ಒಂದು ಸೆಕೆ. ಗೋದಾಮಿನಲ್ಲಿ 32–35 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಕೂತ ಬಾಟಲಿಯಲ್ಲಿ ಹಾಪ್ಸ್ ಪರಿಮಳ ಮಾಸಿ, ನೆನೆದ ರಟ್ಟಿನ ವಾಸನೆ ಬರತೊಡಗುತ್ತದೆ. ಆಮೇಲೆ ಎಷ್ಟು ತಣ್ಣಗೆ ಮಾಡಿದರೂ ಅದು ಹೋಗುವುದಿಲ್ಲ. ಹಾಗಾಗಿ ಬ್ರಾಂಡಿಗಿಂತ ಮೊದಲು ಲೇಬಲ್ಲಿನಲ್ಲಿ ತಯಾರಾದ ತಾರೀಕು ನೋಡಬೇಕು. ಸಾಮಾನ್ಯವಾಗಿ ಆರು ತಿಂಗಳ ಅವಧಿ ಹಾಕಿರುತ್ತಾರೆ. ಸೆಕೆಯೂರಿನಲ್ಲಿ ಅದರ ಅರ್ಧಕ್ಕಿಂತ ಹಳೆಯದನ್ನು ಬಿಡುವುದು ಒಳ್ಳೆಯದು. ಇನ್ನೊಂದು ದಾರಿ ಬೆಳಕು. ಹಸಿರು ಅಥವಾ ಬಣ್ಣವಿಲ್ಲದ ಬಾಟಲಿಯನ್ನು ಬಿಸಿಲಲ್ಲಿ ಇಟ್ಟರೆ ಹಾಪ್ಸಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ನಾತ ಹುಟ್ಟುತ್ತದೆ. ನೇರ ಬಿಸಿಲಾದರೆ ಕೆಲವೇ ನಿಮಿಷ ಸಾಕು. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. 650 ಎಂಎಲ್ ಬಾಟಲಿಗಿಂತ 330ರ ಪಿಂಟ್ ತೆಗೆದುಕೊಂಡರೆ ಕೊನೆಯ ಗುಟುಕೂ ತಣ್ಣಗಿರುತ್ತದೆ, ಈ ಸೆಕೆಗೆ ಅದೇ ಸರಿ. ಬೂತಾಯಿ ಫ್ರೈ ತಿಂದ ಎಣ್ಣೆ ತುಟಿಯಲ್ಲೇ ಕುಡಿದರೆ ನೊರೆ ನಿಮಿಷದಲ್ಲಿ ಇಳಿದುಹೋಗುತ್ತದೆ, ಅದಕ್ಕೆ ಬಿಯರನ್ನು ಬೈಯಬೇಡಿ. ಕೊಬ್ಬು ತಾಗಿದ ನೊರೆ ನಿಲ್ಲುವುದಿಲ್ಲ.

ಕೇರಳದಲ್ಲಿ ಕುಡಿಯಲು 23 ತುಂಬಿರಬೇಕು. ತಿಂಗಳ 1ನೇ ತಾರೀಕು ಬೆವ್ಕೊ, ಅಂದರೆ ಸರಕಾರಿ ಮದ್ಯದ ಮಳಿಗೆಗೆ ರಜೆ. ತಿಂಗಳ ಕೊನೆಗೆ ಹೊರಟ ಪ್ರವಾಸಿಗಳು ತಪ್ಪದೆ ಎಡವುವುದು ಇಲ್ಲೇ. ಬಿಯರಿನ ಮಾತು ಇಷ್ಟು ಸಾಕು.

ಹೊಂಬಾಳೆಯಿಂದ ಮಡಕೆಗೆ

ಕಳ್ಳು ಏಕೆ ಗಂಟೆಯ ಲೆಕ್ಕದ್ದು ಎಂದು ತಿಳಿಯಬೇಕಾದರೆ ಮರದ ಮೇಲಿನ ಕೆಲಸ ಗೊತ್ತಿರಬೇಕು. ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ. ಅದು ಬಿರಿಯುವ ಮೊದಲೇ ಕಳ್ಳು ಇಳಿಸುವ ಮೂರ್ತೆದಾರ ಅದನ್ನು ಹಿಡಿಯಬೇಕು. ಒಡೆಯದಂತೆ ಉದ್ದಕ್ಕೂ ಬಿಗಿಯಾಗಿ ನಾರಿನಿಂದ ಸುತ್ತುತ್ತಾನೆ. ಪ್ರಾಣಿಯ ಕಾಲಿನ ಎಲುಬಿನಿಂದ ಮಾಡಿದ ಸಣ್ಣ ಕೊಡತಿಯಿಂದ ಸುತ್ತಲೂ ಹದವಾಗಿ ಬಡಿಯುತ್ತಾನೆ. ಹದ ಎಂಬುದೇ ಇಲ್ಲಿ ವಿದ್ಯೆ. ಜೋರಾಗಿ ಬಡಿದರೆ ಒಳಗಿನ ಎಳೆ ಹೂಗಳು ಜಜ್ಜಿ ಕೊಳೆಯುತ್ತವೆ, ಮೆತ್ತಗೆ ಬಡಿದರೆ ರಸ ಇಳಿಯುವುದಿಲ್ಲ. ತಟ್ಟುವ ಸದ್ದಿನಲ್ಲೇ ಒಳಗಿನ ಸ್ಥಿತಿ ಅವನಿಗೆ ತಿಳಿಯುತ್ತದೆ. ತುದಿ ಕತ್ತರಿಸಿ, ದಿನಾ ಸ್ವಲ್ಪ ಸ್ವಲ್ಪವೇ ಹಗ್ಗದಲ್ಲಿ ಎಳೆದು ಹೊಂಬಾಳೆಯನ್ನು ಕೆಳಗೆ ಬಾಗಿಸುತ್ತಾನೆ. ಒಂದೇ ದಿನ ಬಾಗಿಸ ಹೋದರೆ ಬುಡದಲ್ಲಿ ಸೀಳುತ್ತದೆ. ಹೀಗೆ ಎರಡು ಮೂರು ವಾರ ದುಡಿದ ಮೇಲೆ ರಸ ತೊಟ್ಟಿಕ್ಕಲು ಶುರು.

ಅಲ್ಲಿಂದ ಮುಂದೆ ದಿನಕ್ಕೆ ಎರಡು ಮೂರು ಸಲ ಅದೇ ಮರ ಹತ್ತಬೇಕು. ಪ್ರತಿ ಸಲ ತುದಿಯಿಂದ ಕೆಲವೇ ಮಿಲಿಮೀಟರ್ ದಪ್ಪದ ಬಿಲ್ಲೆ ಕೆತ್ತಿ ತೆಗೆಯಬೇಕು. ಹಳೆಯ ಗಾಯದ ಬಾಯಿ ಬೇಗ ಕಟ್ಟಿಕೊಳ್ಳುತ್ತದೆ, ಹೊಸ ಗಾಯವಾದರೆ ಮಾತ್ರ ರಸ ಹರಿಯುತ್ತದೆ. ಕತ್ತಿಯ ಹರಿತ ಕಡಿಮೆಯಾದರೂ ಇದೇ ಪಾಡು: ತುದಿ ಕತ್ತರಿಸುವ ಬದಲು ಜಜ್ಜುತ್ತದೆ, ನಾಳಗಳು ಮುಚ್ಚುತ್ತವೆ, ಮಡಕೆ ಅರ್ಧಕ್ಕೇ ನಿಲ್ಲುತ್ತದೆ. ಒಂದು ಮರದಿಂದ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರ್. ಒಂದು ಹೊಂಬಾಳೆ ಕೆತ್ತಿ ಕೆತ್ತಿ ಗಿಡ್ಡವಾಗುತ್ತಿದ್ದಂತೆ ಮುಂದಿನದನ್ನು ಕಟ್ಟಿ ಬಡಿದು ತಯಾರು ಮಾಡಿಟ್ಟಿರುತ್ತಾನೆ. ಕಳ್ಳಿಗೆ ಬಿಟ್ಟ ಹೊಂಬಾಳೆಯಲ್ಲಿ ಕಾಯಿ ಇಲ್ಲ, ಅದಕ್ಕೇ ಮರದ ಯಜಮಾನನಿಗೆ ಬಾಡಿಗೆ ಸಲ್ಲುತ್ತದೆ. ಈ ಕೆಲಸದವರಿಗೆ ಕೇರಳದಲ್ಲಿ 1969ರ ಕಾಯ್ದೆಯ ಕ್ಷೇಮನಿಧಿ ಇದೆ. ಆದರೂ ಮಳೆಗಾಲದಲ್ಲಿ ಪಾಚಿಗಟ್ಟಿದ ಮರವನ್ನು ದಿನಕ್ಕೆ ಮೂರು ಸಲ ಹತ್ತುವ ಕೆಲಸಕ್ಕೆ ಹೊಸ ಹುಡುಗರು ಸುಲಭವಾಗಿ ಬರುವುದಿಲ್ಲ. ಶಾಪಿನಲ್ಲಿ ಕಳ್ಳಿಗೆ ಚೌಕಾಸಿ ಮಾಡುವವರು ಒಮ್ಮೆ ಒಳ್ಳೆಯ ಎತ್ತರದ ಮರದ ಕೆಳಗೆ ನಿಂತು ತಲೆ ಎತ್ತಿ ನೋಡಬೇಕು.

ಹೊಂಬಾಳೆಯಿಂದ ಬೀಳುವ ಮೊದಲ ಹನಿಯಲ್ಲಿ ಅಮಲು ಎಂಬುದೇ ಇಲ್ಲ. ನೂರಕ್ಕೆ ಸುಮಾರು ಹದಿನೈದು ಪಾಲು ಸಕ್ಕರೆಯಿರುವ, ಹುಳಿಯಿಲ್ಲದ, ಜೇನುಬಣ್ಣದ ರಸ ಅದು. ನಮ್ಮದೇ ಕಾಸರಗೋಡಿನ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐ, ಅಂದರೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ, ಈ ರಸವನ್ನು ಐಸ್ ತುಂಬಿದ ಪೆಟ್ಟಿಗೆಯಲ್ಲಿ ಮರದ ಮೇಲೆಯೇ ತಣ್ಣಗೆ ಹಿಡಿಯುವ ಸಾಧನ ಮಾಡಿತು. ಹಾಗೆ ಹಿಡಿದದ್ದೇ 'ಕಲ್ಪರಸ'. ಹಳೆಯ ಕ್ರಮದಲ್ಲಿ ನೀರಾ, ಅಂದರೆ ಹುದುಗದ ರಸ, ಬೇಕೆಂದರೆ ಮಡಕೆಯ ಒಳಗೆ ಸುಣ್ಣ ಬಳಿಯುತ್ತಿದ್ದರು. ಎರಡೂ ಇಲ್ಲದಿದ್ದರೆ ಮಡಕೆಯೇ ಹೆಪ್ಪು. ನಿನ್ನೆಯ ಕಳ್ಳಿನ ಗಷ್ಟು ಒಳಗೆ ಅಂಟಿರುತ್ತದೆ, ಅದರಲ್ಲಿ ಯೀಸ್ಟೂ ಹುಳಿ ಬರಿಸುವ ಬ್ಯಾಕ್ಟೀರಿಯಾಗಳೂ ಕಾದು ಕೂತಿರುತ್ತವೆ. ಹನಿ ಬಿದ್ದ ಗಳಿಗೆಯಿಂದಲೇ ಕೆಲಸ ಶುರು. ಕಳ್ಳು ಹಾಲಿನ ಹಾಗೆ ಬೆಳ್ಳಗಾಗುವುದು ಈ ಕೋಟ್ಯಂತರ ಜೀವಗಳಿಂದ.

ಇಲ್ಲಿ ಒಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. ಸಂಜೆ ಕಟ್ಟಿದ ಮಡಕೆಯನ್ನು ಬೆಳಗ್ಗೆ ಇಳಿಸುವಾಗ ಅದರ ತಳದಲ್ಲಿ ಹನ್ನೆರಡು ಗಂಟೆ ಹಳೆಯ ರಸ ಇರುತ್ತದೆ, ಮೇಲೆ ಆಗಷ್ಟೇ ಬಿದ್ದ ಹನಿ. ಇಡೀ ರಾತ್ರಿಯ ಎಲ್ಲ ವಯಸ್ಸಿನ ಹನಿಗಳೂ ಒಂದೇ ಮಡಕೆಯಲ್ಲಿ ಬೆರೆತಿವೆ. ಅದಕ್ಕೇ ಬೆಳಗಿನ ಕಳ್ಳಿನಲ್ಲಿ ಸಿಹಿ, ನಸುಹುಳಿ, ನವಿರು ಜುಮ್ಮೆನಿಸುವ ಗ್ಯಾಸು ಮೂರೂ ಒಟ್ಟಿಗೆ ಸಿಗುತ್ತವೆ. ಬಿಯರ್ ಕಾರ್ಖಾನೆಯಲ್ಲಿ ಒಂದು ಟ್ಯಾಂಕಿನ ರಸಕ್ಕೆಲ್ಲ ಒಂದೇ ವಯಸ್ಸು.

ಬೆಳಗ್ಗೆ, ಮಧ್ಯಾಹ್ನ, ಸಂಜೆ

ಬೆಳಗ್ಗೆ ಇಳಿಸಿದ್ದು ಎಂಟು ಒಂಬತ್ತರ ಹೊತ್ತಿಗೆ ಶಾಪಿಗೆ ಬಂದರೆ ಸಿಹಿ ಮುಂದೆ, ಅಮಲು ಹಿಂದೆ. ಮೊದಲ ಸಲ ಕುಡಿಯುವವರಿಗೆ ಇದೇ ಹೊತ್ತು. ಹತ್ತೂವರೆ ಹನ್ನೊಂದರ ಸುಮಾರಿಗೆ ಸಿಹಿ ಹುಳಿ ಸಮ ಆಗುತ್ತವೆ, ಮದ್ಯಾಂಶ ಸಾಧಾರಣ ಬಿಯರಿನಷ್ಟು, ನಾಲ್ಕೈದು ಶೇಕಡಾದ ಆಸುಪಾಸು ಇರುತ್ತದೆ. ಮೀನಿನ ಜತೆ ಕುಡಿಯಲು ನನ್ನ ಆಯ್ಕೆ ಈ ಹೊತ್ತಿನದು. ಮಧ್ಯಾಹ್ನ ಕಳೆದಂತೆ ಸಕ್ಕರೆ ಕರಗುತ್ತ ಹೋಗುತ್ತದೆ, ಹುಳಿ ಏರುತ್ತದೆ, ಗಂಟಲಲ್ಲಿ ಸ್ವಲ್ಪ ಉರಿ. ಬೇಕಲದಿಂದ ಇಳಿದು ಬಂದವರ ಕೈಗೆ ಸಿಗುವುದು ಇದೇ. ಬೇಸಗೆಯಲ್ಲಂತೂ ಇದೆಲ್ಲ ಒಂದೆರಡು ಗಂಟೆ ಮೊದಲೇ ಆಗಿಬಿಡುತ್ತದೆ. ಮಳೆಗಾಲದಲ್ಲಿ ಹುದುಗು ನಿಧಾನ, ಆದರೆ ಮಡಕೆ ಸರಿಯಾಗಿ ಮುಚ್ಚಿರದಿದ್ದರೆ ಮಳೆನೀರು ಸೇರಿ ರುಚಿ ತೆಳುವಾಗುತ್ತದೆ.

ಒಂದು ದಿನ ಪೂರ್ತಿ ಇಟ್ಟದ್ದು 'ಮೂತ್ತ' ಕಳ್ಳು. ಏಳೆಂಟು ಶೇಕಡಾದವರೆಗೂ ಹೋಗುತ್ತದೆ, ಸ್ಟ್ರಾಂಗ್ ಬಿಯರಿಗೆ ಸಮ. ತೆಂಗಿನ ಕಳ್ಳಿನ ಮದ್ಯಾಂಶಕ್ಕೆ ಕೇರಳದ ನಿಯಮ ಮಿತಿಯನ್ನೂ ಹಾಕಿದೆ. ಹುಳಿಯ ಮರೆಯಲ್ಲಿ ಅಮಲು ಗೊತ್ತಾಗದ ಕಾರಣ ಹೊಸಬರು ಎರಡನೆಯ ಕುಪ್ಪಿಗೆ ಕೈ ಹಾಕುವ ಮೊದಲು ಅರ್ಧ ಗಂಟೆ ಬಿಡಬೇಕು. ಅದಕ್ಕೂ ಆಚೆ ಹೋದರೆ ಮದ್ಯವನ್ನು ಬ್ಯಾಕ್ಟೀರಿಯಾಗಳು ವಿನಿಗರ್ ಮಾಡುತ್ತವೆ, ಅದು ಅಡುಗೆಮನೆಗೆ ಸರಿ.

ಇನ್ನು 'ಅಂದಿ' ಕಳ್ಳು, ಸಂಜೆ ಇಳಿಸಿದ್ದು. ಹಗಲಿನ ರಸ, ಮಡಕೆಯಲ್ಲಿ ಕಡಿಮೆ ಹೊತ್ತು ಕೂತದ್ದು. ಐದೂವರೆ ಆರರ ಹೊತ್ತಿಗೆ ಬಂದರೆ ಮತ್ತೆ ಸಿಹಿ. ನಾಲ್ಕು ಗಂಟೆಗೆ ಹುಳಿಯೆಂದು ಬಿಟ್ಟು ಹೋದವರು ಎರಡು ಗಂಟೆ ಸಮುದ್ರದಂಡೆಯಲ್ಲಿ ಕೂತು ಬಂದಿದ್ದರೆ ಅದೇ ಬೆಂಚಿನ ಮೇಲೆ ಬೇರೆಯೇ ಪಾನೀಯ ಸಿಗುತ್ತಿತ್ತು.

ಶಾಪಿನೊಳಗೆ

ಬೋರ್ಡಿನಲ್ಲಿ ಶಾಪಿನ ಹೆಸರಿಗಿಂತ ಮುಖ್ಯವಾದದ್ದು ಟಿ.ಎಸ್. ನಂಬರು, ಅಂದರೆ ಲೈಸೆನ್ಸಿನ ಗುರುತು. ಅದಿಲ್ಲದ ಕಡೆ ಕೂರಲೇಬೇಡಿ. ಒಳಗೆ ಹೋದ ಕೂಡಲೇ ಕುಪ್ಪಿ ಹೇಳುವ ಬದಲು ಬಡಿಸುವವರನ್ನು ಕೇಳಿ: "ಏಟ್ಟಾ, ಇದು ಎಷ್ಟೊತ್ತಿಗೆ ಇಳಿಸಿದ್ದು?" ಕಾಸರಗೋಡಿನ ಶಾಪುಗಳಲ್ಲಿ ಕನ್ನಡ ನಡೆಯುತ್ತದೆ, ಮಂಜೇಶ್ವರ ಕುಂಬಳೆ ಕಡೆ ತುಳುವಿನಲ್ಲಿ ಕೇಳಿದರೆ ಇನ್ನೂ ಸಲೀಸು. ಈ ಪ್ರಶ್ನೆ ಕೇಳಿದವನಿಗೆ ಸಿಗುವ ಮರ್ಯಾದೆಯೇ ಬೇರೆ. "ಬೆಳಗಿನದು ಈಗ ಸ್ವಲ್ಪ ಬಲಿತಿದೆ ಅಣ್ಣ, ಆರು ಗಂಟೆಗೆ ಬನ್ನಿ, ಮಧುರದ್ದು ಬರ್ತದೆ" ಎಂದು ಅವರೇ ಹೇಳಿಬಿಡುವುದುಂಟು. ಒಳ್ಳೆಯ ಶಾಪಿನವರಿಗೆ ಗಿರಾಕಿ ಅರ್ಧ ಕುಪ್ಪಿ ಬಿಟ್ಟು ಏಳುವುದು ಇಷ್ಟವಿಲ್ಲ.

ಗ್ಲಾಸಿಗೆ ಹೊಯ್ದ ಮೇಲೆ ಒಂದು ನಿಮಿಷ ನೋಡಿ. ಜೀವ ಇರುವ ಕಳ್ಳಿನಲ್ಲಿ ಸಣ್ಣ ಗುಳ್ಳೆಗಳು ತಳದಿಂದ ಏಳುತ್ತಲೇ ಇರುತ್ತವೆ, ಅಂಚಿನಲ್ಲಿ ತೆಳ್ಳಗೆ ನೊರೆಯ ಗೆರೆ. ಇರುವೆಯೋ ಜೇನುನೊಣವೋ ತೇಲಿದರೆ ಗಾಬರಿ ಬೇಡ, ಸಿಹಿರಸಕ್ಕೆ ಅವು ಮುತ್ತುವುದು ಸಹಜ, ಸೋಸುವಾಗ ತಪ್ಪಿ ಬಂದಿರುತ್ತವೆ. ಐಸ್ ಹಾಕಬೇಡಿ. ನೀರಾಗಿ ರುಚಿ ಹೋಗುತ್ತದೆ, ಆ ಐಸಿನ ನೀರು ಎಲ್ಲಿಯದೋ ತಿಳಿಯದು. ಮಣ್ಣಿನ ಪಾತ್ರೆಯಲ್ಲಿ ಕೊಟ್ಟರೆ ಬೇಡವೆನ್ನದೆ ತೆಗೆದುಕೊಳ್ಳಿ. ತಣ್ಣಗೂ ಇರುತ್ತದೆ, ವಾಸನೆಯೂ ಚೆನ್ನ.

ಬರಿಹೊಟ್ಟೆಯಲ್ಲಿ ಕುಡಿಯುವ ಪದಾರ್ಥ ಇದಲ್ಲ. ಶಾಪಿನ ಅಡುಗೆ ಖಾರವಾಗಿರುವುದಕ್ಕೆ ಕಾರಣವಿದೆ. ಕಳ್ಳಿನಲ್ಲಿ ಬಿಯರಿನ ಕಹಿ ಇಲ್ಲ, ಸಿಹಿ ಹುಳಿಗಳನ್ನು ಎದುರಿಸಿ ನಿಲ್ಲಲು ಮೆಣಸು, ಉಪ್ಪು, ಕೊಬ್ಬು ಬೇಕು. ಬೇಯಿಸಿದ ಮರಗೆಣಸು, ಕೆಂಪು ಮೀನುಸಾರು, ಕಾಯಿಸಿದ ಬೂತಾಯಿ ಇದ್ದರೆ ಸಾಕು. ನೀಲೇಶ್ವರದಿಂದ ತೆಂಕಕ್ಕೆ ಹೋದರೆ ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪುಮೀನು ಕೇಳಿ. ಪಡನ್ನದ ಹಿನ್ನೀರಿನಲ್ಲಿ ಅದನ್ನು ಹಗ್ಗಕ್ಕೆ ಕಟ್ಟಿ ಬೆಳೆಸುತ್ತಾರೆ. ಅದರ ಉಪ್ಪುಸಿಹಿ ಮಾಂಸಕ್ಕೂ ಹನ್ನೊಂದು ಗಂಟೆಯ ಕಳ್ಳಿಗೂ ಆಗುವ ಜೋಡಿಯನ್ನು ಯಾವ ಬಿಯರೂ ಕೊಟ್ಟದ್ದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಕಳ್ಳನ್ನು ಬರೀ ನಶೆಯ ಸರಕೆಂದು ನೋಡುವವರು ಪರಶ್ಶಿನಿಕಡವಿನ ಮುತ್ತಪ್ಪನನ್ನು ನೆನೆಯಬೇಕು. ಅಲ್ಲಿ ಕಳ್ಳು ಮೀನು ದೇವರಿಗೇ ಸಲ್ಲುವ ನೈವೇದ್ಯ.

ಮೋಸ ಎಲ್ಲಿ

ಮರದಿಂದ ಬರುವ ಕಳ್ಳು ಮಿತವಾದದ್ದು, ಬೇಡಿಕೆ ಹೆಚ್ಚು. ಮೋಸ ಹುಟ್ಟುವುದು ಈ ಅಂತರದಲ್ಲಿ. ನೀರು ಬೆರೆಸಿ, ತೆಳುವಾದದ್ದಕ್ಕೆ ಸಕ್ಕರೆಯೋ ಸ್ಯಾಕರೀನೋ ಹಾಕಿ ಸಿಹಿ ಮಾಡುವುದು ಸಣ್ಣ ಮೋಸ. ಇದನ್ನು ಹಿಡಿಯುವ ದಾರಿಯೂ ಗಂಟೆಯೇ. ಮಧ್ಯಾಹ್ನ ಮೂರಕ್ಕೆ ಕೊಟ್ಟ 'ಬೆಳಗಿನ ಕಳ್ಳು' ಹುಳಿಯೇ ಇಲ್ಲದೆ ಗಾಢ ಸಿಹಿಯಾಗಿದ್ದರೆ, ನುಂಗಿದ ಮೇಲೂ ಆ ಸಿಹಿ ನಾಲಿಗೆಗೆ ಅಂಟಿಕೊಂಡಿದ್ದರೆ ಅದು ಮರದ ಸಿಹಿಯಲ್ಲ. ಅಷ್ಟು ಹೊತ್ತು ಸಕ್ಕರೆಯನ್ನು ಯೀಸ್ಟ್ ಬಿಟ್ಟಿರುವುದಿಲ್ಲ. ಹುಳಿ ಬಂದ ಕಳ್ಳಿಗೆ ಮುಖ ಕಿವುಚುವ ಪ್ರವಾಸಿ ಇಂಥದ್ದನ್ನು ಮೆಚ್ಚಿಕೊಂಡು ಹೋಗುತ್ತಾನೆ ಎಂಬುದೇ ನನ್ನ ದೊಡ್ಡ ಚಿಂತೆ.

ಅಮಲೇರಿಸಲು ಬೆರೆಸುವ ವಿಷ ದೊಡ್ಡ ಮೋಸ. 2010ರ ಸೆಪ್ಟೆಂಬರಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಮೆಥನಾಲ್ ಬೆರೆತ ಕಳ್ಳು ಕುಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ರುಚಿಯಲ್ಲಿ ಗೊತ್ತಾಗುವುದಿಲ್ಲ, ಮನೆಯಲ್ಲಿ ಮಾಡುವ ಯಾವ ಪರೀಕ್ಷೆಯೂ ನಂಬಿಕೆಗೆ ಯೋಗ್ಯವಲ್ಲ. ಕುಡಿದು ಕೆಲವು ಗಂಟೆಗಳ ಮೇಲೆ ಕಣ್ಣು ಮಂಜಾಗುವುದು, ಹೊಟ್ಟೆನೋವು, ವಾಂತಿ, ಏದುಸಿರು ಕಂಡರೆ ಮಲಗಿದರೆ ಸರಿಹೋದೀತು ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಕುಡಿದದ್ದು ಏನು ಎಂದು ವೈದ್ಯರಿಗೆ ಮುಚ್ಚಿಡಬಾರದು. ತಪ್ಪಿಸಿಕೊಳ್ಳುವ ಒಂದೇ ದಾರಿ ಲೈಸೆನ್ಸಿನ ಶಾಪು, ಅದರಲ್ಲೂ ಸ್ಥಳೀಯರು ದಿನಾ ಕೂರುವ ಶಾಪು.

ಗಡಿಯ ಆಚೆ ಈಚೆ

ಇದೇ ಆಸೆ ಹೊತ್ತು ಬೇರೆ ಗಡಿಗಳಿಗೆ ಹೋಗುವವರಿಗೆ ಎರಡು ಮಾತು. ತಾಳವಾಡಿಯಲ್ಲೋ ಹೊಸೂರಿನಲ್ಲೋ ಶಾಪು ಹುಡುಕಬೇಡಿ, ತಮಿಳುನಾಡಿನಲ್ಲಿ 1987ರಿಂದ ಕಳ್ಳು ನಿಷಿದ್ಧ, ಅಲ್ಲಿರುವುದು ಟಾಸ್ಮಾಕ್ ಎಂಬ ಸರಕಾರಿ ಮದ್ಯದಂಗಡಿ ಮಾತ್ರ. ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯ ಬಯಲಿನಲ್ಲಿ ಈಚಲ ಹೆಂಡದ ಲೋಕ. ಈಚಲಲ್ಲಿ ಹೊಂಬಾಳೆಗೆ ಕೈ ಹಾಕುವುದಿಲ್ಲ, ಸುಳಿಯ ಕೆಳಗೆ ಕಾಂಡವನ್ನೇ ಕೆತ್ತಿ ರಸ ಇಳಿಸುತ್ತಾರೆ, ಚಳಿಗಾಲ ಅದರ ಸುಗ್ಗಿ. ತೆಂಗಿನ ಕಳ್ಳಿನ ಲೆಕ್ಕವನ್ನು ಅಲ್ಲಿಗೆ ಹಾಗೆಯೇ ಹಚ್ಚಲು ಬರುವುದಿಲ್ಲ.

ಊರಿಗೆ ಒಯ್ಯುವ ಆಸೆ ಇದ್ದರೆ ಒಬ್ಬರ ಬಳಿ ಒಂದೂವರೆ ಲೀಟರಿಗಿಂತ ಹೆಚ್ಚು ಕಳ್ಳು ಇರುವಂತಿಲ್ಲ ಎಂಬುದು ಕೇರಳದ ನಿಯಮ. ತಲಪಾಡಿ ದಾಟಿದರೆ ಇನ್ನೊಂದು ರಾಜ್ಯದ ಕಾನೂನು ಶುರು, ಹಾಗಾಗಿ ಒಯ್ಯದಿರುವುದೇ ಮೇಲು. ಜಿಲ್ಲೆಯೊಳಗೇ ನೆಂಟರ ಮನೆಗೆ ಒಯ್ಯುವವರು ಬಾಟಲಿಯ ಕಾಲುಭಾಗ ಖಾಲಿ ಬಿಟ್ಟು, ಮುಚ್ಚಳ ಸಡಿಲ ಮಾಡಿ, ನೆಟ್ಟಗೆ ನಿಲ್ಲಿಸಬೇಕು. ಬಿಗಿದು ಮುಚ್ಚಿದ ಗಾಜಿನ ಬಾಟಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಗ್ಯಾಸಿನ ಒತ್ತಡಕ್ಕೆ ಒಡೆಯುತ್ತದೆ, ಪ್ಲಾಸ್ಟಿಕ್ಕಾದರೆ ಉಬ್ಬಿ ಮುಚ್ಚಳ ಹಾರುತ್ತದೆ. ಗಾಡಿ ಓಡಿಸುವವರು ಶಾಪಿನಲ್ಲಿ ಮೀನು ಮರಗೆಣಸು ತಿಂದರೆ ಸಾಕು.

ಉಳಿದ ಕಳ್ಳನ್ನು ಚೆಲ್ಲಬೇಡಿ, ಹುಳಿಯಾದರೂ ಸರಿ, ಅಪ್ಪದ ಹಿಟ್ಟಿಗೆ ಆಗುತ್ತದೆ. ಎರಡು ಕಪ್ ಬೆಳ್ತಿಗೆ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ಒಂದು ಕಪ್ ತೆಂಗಿನ ತುರಿ, ಒಂದು ಹಿಡಿ ಅನ್ನ, ಅರ್ಧ ಕಪ್ ಕಳ್ಳು ಹಾಕಿ ನುಣ್ಣಗೆ ಅರೆದಿಡಿ. ಸಕ್ಕರೆ ಒಂದು ಚಮಚ, ಕಳ್ಳು ತೀರಾ ಹುಳಿಯಾಗಿದ್ದರೆ ಎರಡು. ಉಪ್ಪನ್ನು ಹುಯ್ಯುವ ಮೊದಲು ಹಾಕಿದರೆ ಸಾಕು. ಆರೆಂಟು ಗಂಟೆಯಲ್ಲಿ ಹಿಟ್ಟು ಎರಡು ಪಾಲು ಉಬ್ಬುತ್ತದೆ, ಪಾತ್ರೆ ದೊಡ್ಡದಿರಲಿ. ಬೇಸಗೆಯಲ್ಲಿ ಐದು ಗಂಟೆಗೇ ನೋಡಿಕೊಳ್ಳಿ, ಉಬ್ಬಿ ಮತ್ತೆ ಕುಸಿದ ಹಿಟ್ಟಿನಲ್ಲಿ ಅಪ್ಪದ ನಡುಭಾಗ ಮೆತ್ತಗೆ ಏಳುವುದಿಲ್ಲ.